ಅವಳ ಮಗ್ಗುಲಿನ ಜಾಗ

ಬನಹಟ್ಟಿಯಲ್ಲಿ ನನ್ನಷ್ಟು ಬೈಗುಳ ತಿಂದವರು ಬಹಳ ಮಂದಿ ಇರಲಿಕ್ಕಿಲ್ಲ. ವಿದ್ಯುತ್ ಇಲಾಖೆಯಲ್ಲಿ ಲೈನ್‌ಮನ್ ಆಗಿ ಸೇರಿ ಸೂಪರ್‌ವೈಸರ್ ಆಗಿ ನಿವೃತ್ತನಾದವನು ನಾನು. ಮಗ್ಗದ ಊರಿನಲ್ಲಿ ಕರೆಂಟು ಹೋಯಿತೆಂದರೆ ಓಣಿ ಓಣಿಯ ಖಟಖಟ ಸದ್ದು ಒಮ್ಮೆಲೇ ನಿಲ್ಲುತ್ತದೆ. ಆ ಮೌನದಲ್ಲಿ ಮೊದಲು ಕೇಳಿಬರುವುದು ಲೈನ್‌ಮನ್‌ನ ತಾಯಿ ತಂದೆಯರ ಸ್ಮರಣೆ. ಕಂಬದ ಮೇಲೆ ಕೂತು ಎಷ್ಟೋ ಸಲ ಅದನ್ನು ಕೇಳಿಸಿಕೊಂಡಿದ್ದೇನೆ. ನಾನೂ ಸುಮ್ಮನಿದ್ದವನಲ್ಲ, ಮೇಲಿನಿಂದಲೇ ತಿರುಗಿ ಬೈಯುತ್ತಿದ್ದೆ. ಕೆಳಗಿಳಿದ ಮೇಲೆ ಅದೇ ಬೈದವರ ಶೆಡ್ಡಿನಲ್ಲಿ ಕೂತು ಚಹಾ ಕುಡಿಯುತ್ತಿದ್ದೆ. ಹಾಗೆ ಊರಿನ ಮಗ್ಗದ ಶೆಡ್ಡುಗಳೂ ಅವುಗಳೊಳಗಿನ ಮನುಷ್ಯರೂ ನನಗೆ ಗೊತ್ತಾದರು.

ನಿವೃತ್ತನಾದ ಮೇಲೆ ಬೈಯುವವರು ಇಲ್ಲವಾದರು. ಯಾಕೆಂದರೆ ನಾನು ಹೆಣದ ಗಾಡಿ ಓಡಿಸತೊಡಗಿದೆ. ಮೊದಲು ನಾನು ಓಣಿಗೆ ಬಂದರೆ ಬೆಳಕು ಬರುತ್ತಿತ್ತು. ಈಗ ಬಂದರೆ ಹೆಂಗಸರು ಸೆರಗನ್ನು ಬಾಯಿಗೆ ಒತ್ತಿಕೊಂಡು, ಯಾರ ಮನೆಗೆ ಎಂದು ಕಣ್ಣಿನಲ್ಲೇ ಕೇಳುತ್ತಿದ್ದರು.

ಈ ಕೆಲಸಕ್ಕೆ ನಾನು ಬಂದದ್ದು ಪುಣ್ಯದ ಆಸೆಯಿಂದಲ್ಲ, ಸಿಟ್ಟಿನಿಂದ. ಮಗ್ಗದ ಕೂಲಿಕಾರರಲ್ಲಿ ಬಹಳ ಮಂದಿ ಬಾಡಿಗೆ ಕೋಣೆಗಳಲ್ಲಿ ಇರುವವರು. ಆಸ್ಪತ್ರೆಯಲ್ಲಿ ಯಾರಾದರೂ ತೀರಿಕೊಂಡರೆ ಹೆಣವನ್ನು ಒಳಗೆ ತರಲು ಕೆಲವು ಮನೆ ಮಾಲೀಕರು ಬಿಡುವುದಿಲ್ಲ. ಒಂದು ಮಧ್ಯಾಹ್ನ ರಬಕವಿಗೆ ಹೋಗುವ ರಸ್ತೆಯ ಬದಿಗೆ ಆಟೊ ಒಂದು ನಿಂತಿತ್ತು. ಒಳಗೆ ಮಗನೊಬ್ಬ ತಂದೆಯ ಹೆಣವನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದ. ಎಲ್ಲಿಗೆ ಒಯ್ಯಬೇಕೆಂದು ಅವನಿಗೆ ತಿಳಿದಿರಲಿಲ್ಲ, ಆಟೊದವನಿಗೂ ತಿಳಿದಿರಲಿಲ್ಲ. ಅದನ್ನು ನೋಡಿ ಬಂದ ದಿನ ನನಗೆ ಊಟ ಸೇರಲಿಲ್ಲ. ನನ್ನಂಥ ನಾಲ್ಕಾರು ನಿವೃತ್ತರನ್ನು ಕಟ್ಟಿಕೊಂಡು ಒಂದು ಗಾಡಿಗಾಗಿ ತಿರುಗಾಡತೊಡಗಿದೆ.

ಗಾಡಿ ಬಂತು. ದೂರದ ಊರಿನ ದಾನಿಯೊಬ್ಬರು ಕೊಟ್ಟರು. ಹೂವು ಹಾಕಿ, ಕಾಯಿ ಒಡೆದು, ಹಿಂದಿನ ಬಾಗಿಲು ತೆರೆದು ನೋಡಿದರೆ ಒಳಗೆ ಉದ್ದಕ್ಕೆ ಸ್ಟ್ರೆಚರ್ ಹಳಿ. ಅದು ಮಲಗಿ ಹೋಗುವವರ ಗಾಡಿ. ನಮ್ಮಲ್ಲಿ ಹೆಚ್ಚಿನವರು ಕೂತು ಹೋಗುವವರು. ಸತ್ತವರಿಗೆ ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಗೋಡೆಗೆ ಆನಿಸಿ ಕೂರಿಸುತ್ತೇವೆ. ಕೂರಿಸಿಯೇ ಒಯ್ಯುತ್ತೇವೆ, ಕುಣಿಯೊಳಗೂ ಕೂರಿಸಿಯೇ ಮಣ್ಣು ಕೊಡುತ್ತೇವೆ. ಅಂಥವರನ್ನು ಆ ಹಳಿಯ ಮೇಲೆ ಮಲಗಿಸಿದರೆ ಮನೆಯವರು ಒಪ್ಪುತ್ತಾರೆಯೇ? ದಾನಿಗಳಿಗೆ ಫೋನಿನಲ್ಲಿ ಇದನ್ನು ತಿಳಿಸಿ ಹೇಳುವಷ್ಟು ತಾಳ್ಮೆ ನನಗಿರಲಿಲ್ಲ. ಹಳಿ ಕತ್ತರಿಸಿ, ಆ ಜಾಗದಲ್ಲಿ ಕೈಯಿರುವ ಒಂದು ಕಬ್ಬಿಣದ ಕುರ್ಚಿಯನ್ನು ವೆಲ್ಡ್ ಮಾಡಿಸಿದೆ. ತಲೆ ವಾಲದಂತೆ ಹಿಂದೆ ಎತ್ತರದ ಪಟ್ಟಿ, ಎದೆಗೆ ಕಟ್ಟಲು ಬಟ್ಟೆಯ ಪಟ್ಟಿ. ಮಲಗಿ ಹೋಗುವ ಪೈಕಿಯವರಿಗೂ ಬೇಕಲ್ಲ ಎಂದು ಮಗ್ಗುಲಲ್ಲಿ ಮಡಚುವ ಹಲಗೆಯೊಂದನ್ನು ಕೂಡಿಸಿದೆ.

ಗಾಡಿಯನ್ನು ಮನೆಯ ಮುಂದೆ ತಂದು ನಿಲ್ಲಿಸಿದಾಗ ನನ್ನ ಹೆಂಡತಿ ಸುತ್ತಲೂ ಒಂದು ಸುತ್ತು ಹಾಕಿದಳು. ಹಿಂದಿನ ಕುರ್ಚಿಯ ಕೈ ಹಿಡಿದು ಅಲುಗಾಡಿಸಿ ನೋಡಿದಳು.

“ನೀವು ಕುಂದ್ರೂ ಸೀಟಿಗಿಂತ ಇದನ ಛಲೋ ಮಾಡಿಸೀರಿ,” ಎಂದಳು. “ನನ್ನ ಒಯ್ಯೂ ಮುಂದ ಸಾವಕಾಶ ಹೊಡೀರಿ ಮತ್ತ. ನಿಮ್ಮ ಬ್ರೇಕು ನನಗ ಗೊತ್ತೈತಿ.”

ನಾನು ನಕ್ಕೆ. ನಮಗೆ ಮಕ್ಕಳಿಲ್ಲ. ಇಬ್ಬರೇ ಇರುವ ಮನೆಯಲ್ಲಿ ಸಾವಿನ ಮಾತು ಹಾಗೆ ಪಲ್ಯದ ಮಾತಿನ ಜೊತೆಗೇ ಬಂದು ಹೋಗುತ್ತದೆ.

ಹೊಲ ಇದ್ದವರು ಸತ್ತರೆ ಅವರವರ ಹೊಲದಲ್ಲಿ ಜಾಗ ಇರುತ್ತದೆ. ಅಜ್ಜ, ಮುತ್ತಜ್ಜರ ಸಾಲಿನಲ್ಲಿ ಕೂರಿಸಿ ಮೇಲೆ ಕಟ್ಟೆ ಕಟ್ಟುತ್ತಾರೆ. ಹೊಲ ಇಲ್ಲದ ಮಗ್ಗದವರಿಗೆ ಊರ ಹೊರಗಿನ ಹಳೆಯ ಮಣ್ಣಿನ ಜಾಗವೇ ಗತಿ. ಅದು ಎಂದೋ ತುಂಬಿ ಹೋಗಿದೆ. ತುಂಬಿದೆ ಎಂದು ಸಾವು ನಿಲ್ಲುತ್ತದೆಯೇ? ಹಾಗಾಗಿ ಇದ್ದವರ ನಡುವೆಯೇ ತುರುಕುತ್ತಾರೆ.

ಅಲ್ಲಿ ಒಂದು ದಿನ ಒಬ್ಬ ಮಗ್ಗದವನನ್ನು ಮಣ್ಣು ಮಾಡಲು ಹೋಗಿದ್ದೆವು. ಅವನ ಹೆಂಡತಿ ಅದೇ ಶೆಡ್ಡಿನಲ್ಲಿ ಕಂಡಿಕೆ ಸುತ್ತುವವಳು. ಮಗ್ಗದ ಲಾಳಿಗೆ ಹಾಕುವ ನೂಲನ್ನು ಸಣ್ಣ ಕೊಳವೆಗಳಿಗೆ ಸುತ್ತುವ ಕೆಲಸ ಅದು. ಪಕ್ಕದಲ್ಲಿ ಅವಳ ಒಬ್ಬಳೇ ಮಗಳು, ಅವಳೂ ಕಂಡಿಕೆ ಸುತ್ತುವವಳೇ. ತಾಯಿಯ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ನಿಂತಿದ್ದಳು. ಮದುವೆಯ ವಯಸ್ಸಿನ ಹುಡುಗಿ ಚಿಕ್ಕವಳ ಹಾಗೆ ಸೆರಗು ಹಿಡಿದು ನಿಂತದ್ದನ್ನು ನಾನು ಗಮನಿಸಿದೆ. ಕುಣಿ ತೆಗೆಯುತ್ತಿದ್ದವನ ಗುದ್ದಲಿ ಒಂದು ಕಡೆ ಸಿಕ್ಕಿಕೊಂಡಿತು. ಎಳೆದಾಗ ಅದರ ಜೊತೆಗೆ ಸೀರೆಯ ಜರಿಯಂಚು ಮೇಲೆ ಬಂತು, ಇನ್ನೂ ಬಣ್ಣ ಪೂರ್ತಿ ಹೋಗಿರಲಿಲ್ಲ. ಯಾರೋ ಹೆಣ್ಣುಮಗಳು. ಯಾರ ಮನೆಯವಳೋ. ಕುಣಿ ತೆಗೆಯುವವರು ಅದನ್ನು ಒಳಕ್ಕೆ ತಳ್ಳಿ, ಮಣ್ಣು ಎಳೆದು, ಒಂದು ಮಾರು ಆಚೆ ಮತ್ತೆ ಅಗೆಯತೊಡಗಿದರು. ಅವರಿಗೆ ಇದು ದಿನದ ಕೆಲಸ.

ಆ ಹೆಂಗಸು ಅಳುತ್ತಿರಲಿಲ್ಲ. ನನ್ನ ಕಡೆ ತಿರುಗಿ ಕೇಳಿದಳು: “ಇದ್ದಾಗೂ ಬಾಡಿಗಿ ಮನಿ. ಸತ್ತಮ್ಯಾಲೂ ಬಾಡಿಗಿ ಜಾಗಾನ ಏನ್ರಿ, ಸಾಹೇಬ್ರ? ನಾಳೆ ಇವರನ್ನೂ ಯಾರೋ ಬಂದು ಏಳು ಅಂತಾರ.”

ಕೂರಿಸಿದವನ ತಲೆಯ ಮೇಲೆ ಬಿಲ್ವಪತ್ರಿ ಹಾಕುವಾಗಲೂ ಅವಳ ಮಾತೇ ಕಿವಿಯಲ್ಲಿತ್ತು. ಮನೆಗೆ ಬಂದು, ಸ್ನಾನ ಮುಗಿಸಿ, ಹೆಂಡತಿಗೆ ಎಲ್ಲವನ್ನೂ ಹೇಳಿದೆ. ನಿವೃತ್ತಿಯ ಹೊತ್ತಿಗೆ ಊರ ಹೊರಗೆ ನಾನು ಒಂದು ಸಣ್ಣ ತುಂಡು ಜಮೀನು ಕೊಂಡಿದ್ದೆ. ಮನೆ ಕಟ್ಟಿ, ಹಿತ್ತಲಲ್ಲಿ ಒಂದೆರಡು ಗಿಡ ಹಾಕಿ, ಇಬ್ಬರೂ ಅಲ್ಲಿ ಇರೋಣ ಎಂಬ ಲೆಕ್ಕಾಚಾರ ಇತ್ತು. ಅದನ್ನು ಕೊಟ್ಟುಬಿಡೋಣವೇ ಎಂದು ಕೇಳಿದೆ.

“ಕೊಡ್ರಿ,” ಎಂದಳು. “ನಾವಿಬ್ಬರು ಅಷ್ಟ ದೊಡ್ಡ ಜಾಗಾದಾಗ ಏನ ಮಾಡೂದೈತಿ?”

ಕೊಟ್ಟೆ. ಹೊಲವಿಲ್ಲದ ಯಾರೇ ಆಗಲಿ, ಯಾವ ಪೈಕಿಯವರೇ ಆಗಲಿ, ಇಲ್ಲಿ ಬಂದು ಮಣ್ಣಾಗಬಹುದು ಎಂದು ಸಾರಿದೆ. ಸುತ್ತ ತಂತಿಬೇಲಿ, ಒಂದು ಗೇಟು, ಕೈಕಾಲು ತೊಳೆಯಲು ನೀರಿನ ತೊಟ್ಟಿ. ಮೂಲೆಯಲ್ಲಿ ಮೊದಲಿನಿಂದ ಇದ್ದ ಬೇವಿನ ಮರವನ್ನು ಹಾಗೇ ಬಿಟ್ಟೆವು. ಗೇಟಿನ ಮೇಲೆ ನನ್ನ ತಂದೆ ತಾಯಿಯ ಹೆಸರಿನ ಫಲಕ. ಒಂದು ಸಣ್ಣ ಕಾರ್ಯಕ್ರಮವೂ ಆಯಿತು. ಶಾಲು ಹೊದಿಸಿದರು, ಹಾರ ಹಾಕಿದರು, ಮೈಕಿನಲ್ಲಿ ನನ್ನನ್ನು ಏನೇನೋ ಅಂದರು. ಸುಳ್ಳು ಯಾಕೆ, ನನಗೆ ಹಿಗ್ಗಾಯಿತು. ಎಷ್ಟೋ ವರ್ಷ ಬೈದ ಬಾಯಿಗಳೇ ಹೊಗಳುತ್ತಿದ್ದವು. ಮನೆಗೆ ಬಂದ ಮೇಲೆ ಹೆಂಡತಿ ಶಾಲನ್ನು ಮಡಚಿ ಟ್ರಂಕಿನಲ್ಲಿ ಇಟ್ಟಳು. “ಇನ್ನ ಯಾರರ ಬರ್ಲಿ,” ಎಂದಳು.

ಯಾರೂ ಬರಲಿಲ್ಲ.

ಮೊದಲ ತಿಂಗಳುಗಳಲ್ಲಿ ನನಗೆ ಅರ್ಥವಾಗಲಿಲ್ಲ. ಸಾವಾದ ಮನೆಗೆ ಗಾಡಿ ಒಯ್ದು, ಹೆಣವನ್ನು ಕುರ್ಚಿಗೆ ಕೂರಿಸಿ, ಎಲ್ಲಿಗೆ ಎಂದು ಕೇಳಿದರೆ ಹಿರಿಯರು ಹಳೆಯ ಜಾಗದ ಕಡೆಗೇ ಕೈ ಮಾಡುತ್ತಿದ್ದರು. ಹೊಸ ಜಾಗ ಇದೆಯಲ್ಲ ಎಂದರೆ ನೆಲ ನೋಡುತ್ತಿದ್ದರು. ಒಬ್ಬರು ದೂರ ಎಂದರು, ಹಳೆಯದೇನು ಹತ್ತಿರವಿತ್ತೆ? ಇನ್ನೊಬ್ಬರು ಅಲ್ಲಿ ಎರೆಮಣ್ಣು, ಮಳೆಗೆ ಕುಸಿಯುತ್ತದೆ ಎಂದರು. ನನಗೆ ಸಿಟ್ಟು ಬಂದು ಒಂದು ಮನೆಯ ಮುಂದೆ, ಹೆಣ ಗಾಡಿಯಲ್ಲಿರುವಾಗಲೇ ಕೂಗಾಡಿದೆ. ಪುಕ್ಕಟೆ ಕೊಟ್ಟದ್ದು ನಿಮಗೆ ರುಚಿಸುವುದಿಲ್ಲ ಎಂದೆ. ಅವರು ಸುಮ್ಮನೆ ಕೇಳಿಸಿಕೊಂಡು, ಹಳೆಯ ಜಾಗಕ್ಕೇ ನಡೆಯಿರಿ ಎಂದರು. ಅಲ್ಲಿ ಮತ್ತೆ ಗುದ್ದಲಿಗೆ ಯಾರದೋ ಎಲುಬು ಸಿಕ್ಕಿತು.

ಕಾರಣ ಹೇಳಿದವಳು ಅದೇ ಕಂಡಿಕೆ ಹೆಂಗಸು. ನನಗಲ್ಲ, ನನ್ನ ಹೆಂಡತಿಗೆ. ಗಂಡ ಸತ್ತ ಮೇಲೆ ಅವಳು ಆಗಾಗ ನಮ್ಮ ಮನೆಗೆ ಬಂದು ಪಡಸಾಲೆಯಲ್ಲಿ ಕೂರುತ್ತಿದ್ದಳು. ಮಗಳೂ ಬರುತ್ತಿದ್ದಳು. ಹುಡುಗಿಯದು ಮಾತು ಕಡಿಮೆ. ಮಬ್ಬಾಗುವ ಹೊತ್ತಿಗೆ ಮನೆಯಲ್ಲಿ ಒಬ್ಬಳೇ ಇರಲು ಹೆದರುತ್ತಾಳೆ ಎಂದು ತಾಯಿ ಅವಳನ್ನು ಜೊತೆಗೇ ಕರೆತರುತ್ತಿದ್ದಳು. ನನ್ನ ಹೆಂಡತಿ ಅವಳನ್ನು ಕಾಡಿಸುತ್ತಿದ್ದಳು. “ಇಷ್ಟ ದೊಡ್ಡಾಕಿ ಆಗಿ ಇನ್ನೂ ಅವ್ವನ ಸೆರಗ ಹಿಡಕೊಂಡ ಮಲಗ್ತಿ ಅಂತಲ್ಲ? ಗಂಡ ಬಂದ್ರ ಯಾರ ಸೆರಗ ಹಿಡೀತಿ?” ಹುಡುಗಿ ನಾಚಿ ಮುಖ ಮುಚ್ಚಿಕೊಳ್ಳುತ್ತಿದ್ದಳು.

ಒಂದು ದಿನ ಅವರು ಹೋದ ಮೇಲೆ ಹೆಂಡತಿ ನನ್ನನ್ನು ಕರೆದಳು.

“ಮಂದಿ ಯಾಕ ಬರವಲ್ರು ಗೊತ್ತೇನ್ರಿ? ಅಲ್ಲಿ ಯಾರೂ ಇಲ್ಲ. ಮೊದಲ ಹೋದಾವ್ರು ಒಬ್ಬರ ಕುಂದ್ರಬೇಕಾಗ್ತೈತಿ. ಬಟಾಬಯಲಾಗ ತಮ್ಮವರನ್ನ ಒಬ್ಬರನ್ನ ಬಿಟ್ಟು ಬರಾಕ ಯಾರಿಗೆ ಮನಸ ಆಗ್ತೈತಿ? ಹಳೇ ಜಾಗದಾಗ ಇಕ್ಕಟ್ಟ ಆದ್ರೂ ಮಂದಿ ಅದಾರ.”

“ಸತ್ತವ್ರಿಗೆ ಮಂದಿ ಯಾಕ ಬೇಕು?” ಎಂದೆ, ಸಿಟ್ಟಿನಲ್ಲೇ.

“ಹಂಗಾದ್ರ ನಿಮ್ಮ ಹುನ್ನೂರ ಹೊಲದಾಗ ಎಲ್ಲಾರೂ ಸಾಲಾಗಿ ಯಾಕ ಕುಂತಾರ?”

ಹುನ್ನೂರು ನನ್ನ ಊರು. ಅಲ್ಲಿ ಅಣ್ಣ ಹೊಲ ಮಾಡುತ್ತಾನೆ. ಬಾವಿಯ ಪಕ್ಕದಲ್ಲಿ ನಮ್ಮ ಹಿರಿಯರೆಲ್ಲ ಸಾಲಾಗಿ ಇದ್ದಾರೆ, ಕೊನೆಯಲ್ಲಿ ಅಪ್ಪ, ಅವ್ವ. ಅವ್ವ ಬದುಕಿದ್ದಾಗಲೇ ನನ್ನ ಹೆಂಡತಿಗೆ ಜಾಗ ತೋರಿಸಿಟ್ಟಿದ್ದಳು. ನನ್ನ ಮಗ್ಗುಲಿಗೆ ನೀನು, ನಿನ್ನ ಮಗ್ಗುಲಿಗೆ ನಿನ್ನ ಗಂಡ ಎಂದು. ಅದು ನಮ್ಮ ಮನೆಯಲ್ಲಿ ಯಾರೂ ಮತ್ತೆ ಮಾತಾಡಬೇಕಾಗಿಲ್ಲದ ವಿಷಯ.

ಅವಳಿಗೆ ಕಾಯಿಲೆ ಎಂದು ತಿಳಿದದ್ದು ಆಮೇಲೆ. ಹೊಟ್ಟೆಯಲ್ಲಿ ಗಂಟು. ಜಮಖಂಡಿ, ಮುಧೋಳ ಎಂದು ತಿರುಗಿದೆವು. ಕೊನೆಗೆ ಒಬ್ಬ ಡಾಕ್ಟರು ನನ್ನನ್ನು ಹೊರಗೆ ಕರೆದು, ಮನೆಯಲ್ಲೇ ಚೆನ್ನಾಗಿ ನೋಡಿಕೊಳ್ಳಿ ಎಂದರು. ಒಳಗೆ ಬಂದಾಗ ಅವಳು ಚಪ್ಪಲಿ ಮೆಟ್ಟಿಕೊಂಡು ಸಿದ್ಧವಾಗಿ ಕೂತಿದ್ದಳು. ಏನೆಂದರು ಎಂದು ಕೇಳಲಿಲ್ಲ. “ಮನೀಗೆ ಹೋಗೂಕಿಂತ ಮೊದಲ ಒಮ್ಮೆ ಅನಗವಾಡಿಗೆ ಒಯ್ರಿ,” ಎಂದಳು.

ಅನಗವಾಡಿ ಅವಳ ತವರು, ಬೀಳಗಿ ತಾಲ್ಲೂಕಿನಲ್ಲಿ, ನದಿಯ ದಡಕ್ಕೆ. ಅವಳ ತಂದೆಯ ಹೊಲ ಅಣೆಕಟ್ಟಿನ ಹಿನ್ನೀರಿನಲ್ಲಿ ಹೋಯಿತು. ಹೊಲದಲ್ಲಿದ್ದ ಅವಳ ಅವ್ವನ ಸಮಾಧಿಯೂ ಹೋಯಿತು. ಬೇಸಿಗೆಯಲ್ಲಿ ನೀರು ಇಳಿದಾಗ ಹಳೆಯ ದಾರಿ, ಒಂದೆರಡು ಗೋಡೆಯ ಬುಡ ಕಾಣುತ್ತವೆ. ಅವ್ವನ ಜಾಗ ಆಳದಲ್ಲಿದೆ, ಅದು ಯಾವ ಬೇಸಿಗೆಯಲ್ಲೂ ಮೇಲೆ ಬಂದಿಲ್ಲ.

ದಡದಲ್ಲಿ ಅವಳನ್ನು ಒಂದು ಕಲ್ಲಿನ ಮೇಲೆ ಕೂರಿಸಿದೆ. ನೀರು ಸುಮ್ಮನೆ ಬಿದ್ದುಕೊಂಡಿತ್ತು. ಅವಳು ಕೈಯಲ್ಲಿದ್ದ ಬಿಲ್ವಪತ್ರಿಯನ್ನು ನೀರಿಗೆ ಹಾಕಿದಳು. ಅದು ಮುಂದೆ ಹೋಗದೆ ದಡಕ್ಕೇ ತಿರುಗಿ ಬಂತು.

“ನಮ್ಮವ್ವ ಅಲ್ಲಿ ಕುಂತಾಳ,” ಎಂದಳು. “ಮಲಗಿದಾಕಿ ಆಗಿದ್ರ ನಿದ್ದಿ ಮಾಡ್ಯಾಳ ಅನಕೋತಿದ್ದೆ. ಕುಂತಾಳ್ರಿ ಆಕಿ. ಇಷ್ಟ ವರ್ಷ ನೀರಾಗ, ಒಬ್ಬಾಕಿನ. ಮಗ್ಗಲಿಗೆ ನಮ್ಮಪ್ಪ ಬರೂದಿತ್ತು. ಆತನ್ನ ಹೊಸ ಊರಾಗ ಮಣ್ಣ ಮಾಡಿದ್ರು.”

ಮದುವೆಯಾಗಿ ಇಷ್ಟು ವರ್ಷವಾದರೂ ಇದನ್ನು ಅವಳು ನನ್ನ ಮುಂದೆ ಆಡಿರಲಿಲ್ಲ. ನಾನು ಅವಳ ಭುಜದ ಮೇಲೆ ಕೈ ಇಟ್ಟೆ. ಎಲುಬು ಮಾತ್ರ ಸಿಕ್ಕಿತು.

“ನನ್ನ ಹುನ್ನೂರಿಗೆ ಒಯ್ಬ್ಯಾಡ್ರಿ. ಆ ಮಗ್ಗದವರ ಜಾಗಾದಾಗ ಬೇವಿನ ಗಿಡದ ಬುಡಕ್ಕ ಕುಂದ್ರಸ್ರಿ. ಯಾರರ ಒಬ್ರು ಮೊದಲ ಹೋಗಬೇಕಲ್ಲ?”

“ನಿನಗ ಬುದ್ಧಿ ನೆಟ್ಟಗೈತೇನು?” ಎಂದೆ. “ನಿನ್ನ ಜಾಗ ನಮ್ಮವ್ವನ ಮಗ್ಗಲಾಗ ಐತಿ. ಆ ಜಾಗ ನಾ ಅವರಿಗೆ ಕೊಟ್ಟೇನಿ. ನಮಗಲ್ಲ ಅದು.”

ಹೇಳಿ ಮುಗಿಸುವ ಮೊದಲೇ ಅವಳು ನನ್ನ ಮುಖ ನೋಡಿದಳು. ನಗುತ್ತಿದ್ದಳು, ನೋವಿನಲ್ಲೂ ಬಿಡದ ಆ ಹಳೆಯ ಕಾಡಿಸುವ ನಗು.

“ಅದನ್ನ ಮಂದಿನೂ ಅನ್ನಾಕತ್ತೈತಿ. ಸಾಹೇಬ್ರು ತಮ್ಮವರನ್ನ ಕುಂದ್ರಸಲಾರದ ಜಾಗ ನಮಗ ಕೊಟ್ಟಾರ ಅಂತ.”

ಆ ದಿನ ನಾನು ಹೂಂ ಅನ್ನಲಿಲ್ಲ. ಅವಳೂ ಮತ್ತೆ ಕೇಳಲಿಲ್ಲ. ಮುಂದಿನ ದಿನಗಳಲ್ಲಿ ಅವಳ ನೋವು ಹೆಚ್ಚುತ್ತ ಹೋಯಿತು, ಮಾತು ಕಡಿಮೆಯಾಗುತ್ತ ಹೋಯಿತು. ಒಂದು ಮುಂಜಾನೆ ಗಂಜಿ ಕುಡಿಸಲು ಎಬ್ಬಿಸಿದೆ, ಏಳಲಿಲ್ಲ. ಎಷ್ಟೋ ಮನೆಗಳಲ್ಲಿ ಇನ್ನೊಬ್ಬರ ಹೆಣಕ್ಕೆ ಕೈ ಹಾಕಿದವನು ನಾನು. ಅವಳ ಕೈ ಮುಟ್ಟಿದಾಗ ಏನು ಮಾಡಬೇಕೆಂದು ನನಗೆ ತಿಳಿಯಲಿಲ್ಲ. ಗಂಜಿಯ ಬಟ್ಟಲು ಹಿಡಿದು ಹಾಗೇ ಕೂತಿದ್ದೆ.

ಹುನ್ನೂರಿಗೆ ಸುದ್ದಿ ಹೋದ ಕೂಡಲೇ ಅಣ್ಣ ಬಾವಿಯ ಪಕ್ಕದಲ್ಲಿ ಕುಣಿ ತೆಗೆಸಿ, ತಾನು ಬನಹಟ್ಟಿಗೆ ಬಂದ. ಅಷ್ಟರಲ್ಲಿ ಹೆಂಗಸರು ಅವಳಿಗೆ ಸ್ನಾನ ಮಾಡಿಸಿ, ಹಸಿರು ಸೀರೆ ಉಡಿಸಿ, ಗೋಡೆಗೆ ಆನಿಸಿ ಕೂರಿಸಿದ್ದರು. ಅಣ್ಣ ಹೊರಡೋಣ ಎಂದಾಗ ನಾನು ಅವಳು ಹೇಳಿದ್ದನ್ನು ಹೇಳಿದೆ. ಹೇಳುವವರೆಗೂ ಹೇಳುತ್ತೇನೆಂದು ನನಗೇ ಖಾತ್ರಿ ಇರಲಿಲ್ಲ.

“ಮಂದಿ ಹೆಣಾ ಹೊತ್ತ ಹೊತ್ತ ನಿನ್ನ ತಲಿ ಕೆಟ್ಟೈತಿ ಲೇ, ತಮ್ಮಾ,” ಎಂದ ಅಣ್ಣ. “ನಮ್ಮ ಮನಿ ಸೊಸೀನ ಗುರುತಿಲ್ಲದವರ ನಡುವ ಕುಂದ್ರಸ್ತಿ?”

“ಗುರುತಿಲ್ಲದವರ ನಡುವ ಅಲ್ಲಣ್ಣಾ. ಅಲ್ಲಿ ಇನ್ನೂ ಯಾರೂ ಇಲ್ಲ.”

“ಹಂಗಂದ್ರ ಒಬ್ಬಾಕಿನ?”

ಇಷ್ಟು ದಿನ ಜನ ನನಗೆ ಬಾಯಿ ಬಿಟ್ಟು ಹೇಳದೆ ಇದ್ದದ್ದನ್ನು ಅಣ್ಣ ಹೇಳಿದ್ದ. ಗೋಡೆಗೆ ಆನಿಸಿದ್ದ ಅವಳ ಕಡೆ ನೋಡಿದೆ. ಹಣೆಯ ತುಂಬ ವಿಭೂತಿ ಹಚ್ಚಿಸಿಕೊಂಡು ಕೂತಿದ್ದಳು. ಸಹಾಯಕ್ಕೆ ಅವಳೂ ಬರುವಂತಿರಲಿಲ್ಲ. ಆಕೆ ಕೇಳಿದ್ದಾಳೆ ಅಣ್ಣಾ ಎಂದಷ್ಟೇ ಹೇಳಿದೆ. ಅಣ್ಣ ಎದ್ದು ಟವಲು ಕೊಡವಿಕೊಂಡು ಹೊರಟುಹೋದ. ಮಣ್ಣಿಗೆ ನಿಲ್ಲಲಿಲ್ಲ. ತೆಗೆಸಿದ ಕುಣಿಯನ್ನು ಖಾಲಿ ಬಿಡಬಾರದೆಂದು ಅದರೊಳಗೆ ಒಂದು ತೆಂಗಿನಕಾಯಿ ಇಟ್ಟು ಮುಚ್ಚಿಸಿದನಂತೆ. ಇವತ್ತಿಗೂ ನಮ್ಮ ನಡುವೆ ಮಾತಿಲ್ಲ.

ಗಾಡಿಯನ್ನು ನಾನೇ ಓಡಿಸಿದೆ. ಸಾವಕಾಶ ಓಡಿಸಿದೆ. ಬ್ರೇಕು ಹಾಕುವಾಗಲೆಲ್ಲ ಕನ್ನಡಿಯಲ್ಲಿ ಹಿಂದೆ ನೋಡುತ್ತಿದ್ದೆ.

ಬೇವಿನ ಬುಡದಲ್ಲಿ, ಬೇಲಿಯ ಮೂಲೆಗೆ ಅವಳನ್ನು ಕೂರಿಸಿದೆವು. ಅಯ್ಯನವರು ಮಂತ್ರ ಹೇಳಿ, ವಿಭೂತಿಯ ಗಟ್ಟಿಗಳನ್ನು ಸುತ್ತ ಇಡಿಸಿ, ಮಣ್ಣು ಕೊಡಲು ಹೇಳಿದರು. ಅವಳ ಒಂದು ಮಗ್ಗುಲಿಗೆ ಬೇವು ಮತ್ತು ಬೇಲಿ. ಇನ್ನೊಂದು ಮಗ್ಗುಲು ನನ್ನದು. ಅಲ್ಲಿ ಒಂದು ಚಪ್ಪಟೆ ಕಲ್ಲನ್ನು ತಂದು ಹಾಕಿಸಿದೆ. ಮೇಲೆ ಇರುವವರೆಗೆ ಕಲ್ಲಿನ ಮೇಲೆ ಕೂರುವುದು, ಆಮೇಲೆ ಅದರ ಕೆಳಗೆ. ಅಷ್ಟೇ ವ್ಯತ್ಯಾಸ ಎಂದು ಸಮಾಧಾನ ಮಾಡಿಕೊಂಡೆ.

ದಿನವೂ ಸಂಜೆ ಹೋಗಿ ಆ ಕಲ್ಲಿನ ಮೇಲೆ ಕೂರುತ್ತಿದ್ದೆ. ಇಡೀ ಬಯಲಿನಲ್ಲಿ ಒಂದೇ ಒಂದು ದಿಬ್ಬ. ಹೊತ್ತು ಮುಳುಗಿ ನಾನು ಎದ್ದು ಗೇಟು ಹಾಕುವಾಗ ತಿರುಗಿ ನೋಡಲು ಧೈರ್ಯ ಸಾಲುತ್ತಿರಲಿಲ್ಲ. ನೀರಿನಲ್ಲಿ ಕೂತ ತನ್ನ ಅವ್ವನಿಗಾಗಿ ಮರುಗಿದವಳನ್ನು ನಾನು ಬಯಲಿನಲ್ಲಿ ಕೂರಿಸಿ ಬಂದಿದ್ದೆ.

ಮತ್ತೆ ಯಾರೂ ಬರಲಿಲ್ಲ. ಅವಳು ಹೋದರೆ ಹಿಂದೆಯೇ ಎಲ್ಲರೂ ಬರುತ್ತಾರೆ ಎಂದು ಅವಳೂ ತಿಳಿದಿದ್ದಳು, ನಾನೂ ತಿಳಿದಿದ್ದೆ. ಜನ ನನ್ನನ್ನು ಕಂಡು ಕೈ ಮುಗಿದರು, ನನ್ನ ಹೆಂಡತಿಯನ್ನು ನೆನೆದು ಅಕ್ಕ ದೊಡ್ಡ ಮನಸ್ಸಿನವರು ಎಂದರು, ಹೆಣಗಳನ್ನು ಮಾತ್ರ ಹಳೆಯ ಜಾಗಕ್ಕೇ ಒಯ್ಯಿಸಿದರು. ಒಬ್ಬರು ಇದ್ದರೆ ಸಾಲದು, ಇನ್ನೂ ನಾಲ್ಕು ಮಂದಿ ಆಗಲಿ ಎಂದು ಎಲ್ಲರೂ ಕಾಯುತ್ತಿದ್ದರು. ಆ ನಾಲ್ಕು ಮಂದಿ ಬೇರೆ ಯಾರದೋ ಮನೆಯವರಾಗಬೇಕಿತ್ತು.

ಆ ದಿನಗಳಲ್ಲಿ ನಾನು ಕೆಟ್ಟುಹೋದೆ. ಗಾಡಿಗಾಗಿ ಫೋನು ಬಂದರೆ ಎದೆ ಹಾರುತ್ತಿತ್ತು, ದುಃಖದಿಂದಲ್ಲ. ಇವರಾದರೂ ಬಂದಾರೇನೋ ಎಂದು. ಊರಿನಲ್ಲಿ ಯಾರಿಗೋ ಸೀರಿಯಸ್ ಇದೆ ಎಂದು ಕೇಳಿದರೆ, ಅವರಿಗೆ ಹೊಲ ಇದೆಯೇ ಎಂದು ಮನಸ್ಸು ಮೊದಲು ಕೇಳುತ್ತಿತ್ತು. ಸೇವೆ ಮಾಡುತ್ತೇನೆಂದು ಹೊರಟವನು ಮಂದಿಯ ಸಾವಿಗೆ ಕಾದು ಕೂತಿದ್ದೆ. ನನ್ನ ಹೆಂಡತಿಗೆ ಜೊತೆ ಬೇಕಾಗಿತ್ತು.

ಜೊತೆ ಬಂತು.

ಮಳೆಗಾಲ ಮುಗಿಯುವ ಹೊತ್ತಿಗೆ ಊರಿನಲ್ಲಿ ಜ್ವರ ಎದ್ದಿತ್ತು. ಒಂದು ಮುಂಜಾನೆ ಕಂಡಿಕೆ ಹೆಂಗಸು ಬಂದು ಬಾಗಿಲಲ್ಲಿ ನಿಂತಳು. ಕಾಲಲ್ಲಿ ಚಪ್ಪಲಿ ಇರಲಿಲ್ಲ. ಒಬ್ಬಳೇ ಬಂದಿದ್ದಳು. ಅವಳ ಹಿಂದೆ ಮಗಳನ್ನು ಹುಡುಕಿದ ನನ್ನ ಕಣ್ಣು ಅಲ್ಲೇ ನಿಂತಿತು.

“ಜಮಖಂಡಿ ದವಾಖಾನಿಯಾಗ ಅದಾಳ್ರಿ,” ಎಂದಳು. “ಗಾಡಿ ತಗೊಂಡ ನಡೀರಿ.”

ಆ ಹುಡುಗಿಯನ್ನು ಕುರ್ಚಿಯಲ್ಲಿ ಕೂರಿಸಿ, ಎದೆಗೆ ಬಟ್ಟೆಯ ಪಟ್ಟಿ ಕಟ್ಟಿದವನು ನಾನೇ. ತಾಯಿ ಪಕ್ಕದ ಹಲಗೆಯ ಮೇಲೆ ಕೂತು ಮಗಳ ಕೈಗೆ ತನ್ನ ಸೆರಗಿನ ತುದಿಯನ್ನು ಕೊಟ್ಟಳು. ಬೆರಳು ಹಿಡಿಯಲಿಲ್ಲ, ಅವಳೇ ಸುತ್ತಿದಳು. ಬಾಡಿಗೆ ಕೋಣೆಯ ಮುಂದೆ ಗಾಡಿ ನಿಲ್ಲಿಸಿ, ರಸ್ತೆಯಲ್ಲೇ ಸ್ನಾನದ ಶಾಸ್ತ್ರ ಮುಗಿಸಿದೆವು. ತಂದೆಯ ಮಗ್ಗುಲಿಗೆ ಇರಲಿ ಎಂದು ಹಳೆಯ ಜಾಗಕ್ಕೆ ಹೋದೆವು. ಕುಣಿ ತೆಗೆಯುವವರು ಅವನ ಎಡಕ್ಕೆ ಅಗೆದರು, ಯಾರೋ ಇದ್ದರು. ಬಲಕ್ಕೆ ಅಗೆದರು, ಅಲ್ಲೂ ಇದ್ದರು. ಇನ್ನೊಂದೇಟು ಹಾಕಲು ಗುದ್ದಲಿ ಎತ್ತಿದವನ ಕೈಯನ್ನು ಅವಳು ಹಿಡಿದಳು.

“ಬ್ಯಾಡ್ರಿ. ನನ್ನ ಮಗಳ ಸಲುವಾಗಿ ಯಾರನ್ನೂ ಎಬ್ಬಸಬ್ಯಾಡ್ರಿ.” ಆಮೇಲೆ ನನ್ನ ಕಡೆ ಬಂದಳು. “ಅಕ್ಕಾರ ಮಗ್ಗಲಾಗ ಜಾಗ ಐತೇನ್ರಿ, ಸಾಹೇಬ್ರ?”

ಇಷ್ಟು ದಿನ ನಾನು ಕಾದದ್ದು ಇದಕ್ಕೇ. ಆದರೆ ಆ ಮಾತು ಕೇಳಿದಾಗ ನನ್ನ ಕಣ್ಣ ಮುಂದೆ ಬಂದದ್ದು ನನ್ನ ಕಲ್ಲು. ಆ ಕಲ್ಲಿನ ಕೆಳಗಿನ ಜಾಗವೊಂದೇ ನಾನು ಯಾರಿಗೂ ಕೊಡದೆ ಇಟ್ಟುಕೊಂಡದ್ದು. ಅದಕ್ಕಾಗಿ ಅಣ್ಣನನ್ನು ಬಿಟ್ಟಿದ್ದೆ, ಅಪ್ಪ ಅವ್ವನ ಸಾಲನ್ನು ಬಿಟ್ಟಿದ್ದೆ.

“ಐತಿ. ಜಾಗಕ್ಕೇನ ಕಮ್ಮಿ? ಎಲ್ಲಾ ಖಾಲಿನ ಐತಿ,” ಎಂದೆ. “ಆಕಿಯಿಂದ ಒಂದು ಜಾಗ ಬಿಟ್ಟು, ಈಚೆ ಮಗ್ಗಲಿಗೆ ಕುಂದ್ರಸೂಣು.”

ಅವಳು ಜಗಳವಾಡುವವಳಲ್ಲ. ನನ್ನ ಜಾಗ ಯಾವುದೆಂದು ಅವಳಿಗೆ ತಿಳಿದಿರಲಿಲ್ಲ ಎಂದೂ ಅಲ್ಲ, ಸಂಜೆ ಅಲ್ಲಿ ಕೂತ ನನ್ನನ್ನು ಎಷ್ಟೋ ಸಲ ನೋಡಿದ್ದಳು.

“ನಡುವ ಜಾಗ ಬಿಟ್ರ ಆಕಿ ಕೈ ಅಕ್ಕಾರಿಗೆ ಹ್ಯಾಂಗ ಮುಟ್ಟತೈತ್ರಿ?” ಎಂದಳು. “ಒಬ್ಬಾಕಿನ ಇರಾಕ ಅಂಜತಾಳ್ರಿ ಆಕಿ.”

ಕಲ್ಲನ್ನು ಎತ್ತಲು ಮೂವರು ಬೇಕಾದರು. ಒಬ್ಬ ನಾನು. ದಿನವೂ ಕೂತ ಕಲ್ಲಾದ್ದರಿಂದ ಕೆಳಗಿನ ಮಣ್ಣು ಗಟ್ಟಿಯಾಗಿತ್ತು. ಅಗೆಯುವವನು ಎರಡು ಸಲ ಗುದ್ದಲಿ ಬದಲಿಸಿದ. ನಾನು ನನಗಾಗಿ ಇಟ್ಟುಕೊಂಡಿದ್ದ ಜಾಗದ ಕುಣಿಯೊಳಗೆ ಆ ಹುಡುಗಿಯನ್ನು ಕೂರಿಸಿದಾಗ, ಅವಳ ಕೈಯನ್ನು ತಾಯಿ ಒಳಗಿಳಿದು ಬೇವಿನ ಕಡೆಗೆ, ನನ್ನ ಹೆಂಡತಿಯ ಕಡೆಗೆ ಸರಿಸಿ ಇಟ್ಟಳು. ಸೆರಗಿನ ತುದಿಯನ್ನು ಮತ್ತೆ ಆ ಬೆರಳಿಗೆ ಸುತ್ತಿ, ಹಲ್ಲಿನಿಂದ ಹರಿದು ಅಲ್ಲೇ ಬಿಟ್ಟು ಮೇಲೆ ಬಂದಳು. ಅವಳು ಹೊರಗೆ ಬರಲು ಕೈ ಕೊಟ್ಟವನು ನಾನು. ಆಗ ಮಾತ್ರ ನನಗೆ ಅಳು ಬಂತು. ಯಾರಿಗಾಗಿ ಎಂದು ಕೇಳಿದರೆ ಹೇಳಲಾರೆ.

ಮೂರನೆಯ ದಿನ ಅವಳು ಹಾಲು, ತುಪ್ಪ ತಂದಳು. ಮಗಳ ದಿಬ್ಬಕ್ಕೆ ಅರ್ಧ, ನನ್ನ ಹೆಂಡತಿಯ ದಿಬ್ಬಕ್ಕೆ ಅರ್ಧ ಹಾಕಿದಳು. ನಮ್ಮ ಆಕಿಯನ್ನು ನೋಡಿಕೊಳ್ಳಿರಿ ಅಕ್ಕಾರ ಎಂದು ಮೆಲ್ಲಗೆ ಹೇಳಿದಳು, ಪಕ್ಕದ ಮನೆಯವರಿಗೆ ಮಗಳನ್ನು ಒಪ್ಪಿಸಿ ಕೆಲಸಕ್ಕೆ ಹೋಗುವವಳ ಹಾಗೆ. ಆಮೇಲೆ ಒಂದು ಕಡೆ ಬಿದ್ದಿದ್ದ ಕಲ್ಲನ್ನು ನೋಡಿದಳು.

“ನಿಮ್ಮ ಕಲ್ಲ ಎಲ್ಲಿ ಹಾಕ್ಸೂಣ್ರಿ, ಸಾಹೇಬ್ರ? ಈಕಿ ಮಗ್ಗಲಿಗೆ ಹಾಕ್ಸಲೇನ್ರಿ?”

“ಆಕಿ ಮಗ್ಗಲಾಗ ನಿನ್ನ ಜಾಗ,” ಎಂದೆ. “ಅದನ್ನ ಯಾರಿಗೂ ಕೊಡಬ್ಯಾಡ.”

ಅಲ್ಲಿಂದ ಮುಂದೆ ಸಾಲು ಬೆಳೆಯಿತು. ಅದೇ ಜ್ವರದಲ್ಲಿ ಹೋದವರು, ಆಮೇಲೆ ಹೋದವರು. ಈಗ ಯಾರೂ ಹಳೆಯ ಜಾಗದ ಕಡೆಗೆ ಕೈ ಮಾಡುವುದಿಲ್ಲ. ಅಲ್ಲಿ ಅಕ್ಕ ಇದ್ದಾರೆ, ಹುಡುಗಿ ಇದ್ದಾಳೆ ಎನ್ನುತ್ತಾರೆ. ಜನ ನನಗೆ ಕೈ ಮುಗಿದಾಗ ನಾನೂ ಮುಗಿಯುತ್ತೇನೆ, ಹಿಗ್ಗು ಮಾತ್ರ ಬರುವುದಿಲ್ಲ.

ಕಲ್ಲನ್ನು ಗೇಟಿನ ಹತ್ತಿರ ಹಾಕಿಸಿದ್ದೇನೆ. ಸಂಜೆ ಅಲ್ಲೇ ಕೂರುತ್ತೇನೆ. ಅಲ್ಲಿಂದ ಬೇವಿನ ಮರ ಕಾಣುತ್ತದೆ. ಅವಳು ಕಾಣುವುದಿಲ್ಲ, ನಡುವೆ ಮಂದಿ ಇದ್ದಾರೆ.